ತೀರದ ಸಾಲ, ತಡೆದ ನೌಕರಿ

2021ರ ಮಾರ್ಚ್ ತಿಂಗಳಿನಲ್ಲಿ ಒಬ್ಬ ತರುಣನ ಕೈಗೆ ಭಾರತೀಯ ಸ್ಟೇಟ್ ಬ್ಯಾಂಕಿನ ಅಧಿಕಾರಿ ಹುದ್ದೆಯ ನೇಮಕಾತಿ ಪತ್ರ ಬಂದಿತು. ಪರೀಕ್ಷೆ ಮುಗಿದಿತ್ತು, ಸಂದರ್ಶನ ಮುಗಿದಿತ್ತು. ಮನೆಯವರು ಊರಿಗೆಲ್ಲ ಸಿಹಿ ಹಂಚುವ ಹೊತ್ತು ಅದು. ಆದರೆ ಮರುತಿಂಗಳು, ಏಪ್ರಿಲ್‌ನಲ್ಲಿ, ಅದೇ ಬ್ಯಾಂಕಿನಿಂದ ಇನ್ನೊಂದು ಪತ್ರ ಬಂದು ಆ ನೇಮಕಾತಿಯನ್ನು ರದ್ದುಪಡಿಸಿತು. ಅಂಕಗಳಲ್ಲಾಗಲಿ, ಪ್ರಮಾಣಪತ್ರಗಳಲ್ಲಾಗಲಿ ದೋಷವಿರಲಿಲ್ಲ. ಆತನ ಹಳೆಯ ವೈಯಕ್ತಿಕ ಸಾಲಗಳ ಹಪ್ತೆಗಳು ಸಕಾಲಕ್ಕೆ ಸಂದಾಯವಾಗಿರಲಿಲ್ಲ, ಮತ್ತು ಆ ಸಂಗತಿ 'ಸಿಬಿಲ್' ವರದಿಯಲ್ಲಿ ದಾಖಲಾಗಿತ್ತು.

ತರುಣನು ಮದ್ರಾಸ್ ಉಚ್ಚ ನ್ಯಾಯಾಲಯದ ಮೊರೆಹೊಕ್ಕನು. ನೇಮಕಾತಿಯ ಪ್ರಕಟಣೆ ಹೊರಡುವ ಮೊದಲೇ ಸಾಲವನ್ನೆಲ್ಲ ತೀರಿಸಿದ್ದೇನೆ, ಈಗ ಯಾರ ಬಾಕಿಯೂ ನನ್ನ ಮೇಲಿಲ್ಲ, ಹೀಗಿರುವಾಗ ಅನರ್ಹತೆ ಎಲ್ಲಿಂದ ಬಂತು ಎಂಬುದು ಅವನ ವಾದ. 2025ರ ಜೂನ್ ತಿಂಗಳಿನಲ್ಲಿ ನ್ಯಾಯಮೂರ್ತಿ ಎನ್. ಮಾಲಾ ಅವರು ನೀಡಿದ ತೀರ್ಪು ಬ್ಯಾಂಕಿನ ಪರವಾಗಿತ್ತು. ಪ್ರಕಟಣೆಯಲ್ಲಿಯೇ ಸ್ಪಷ್ಟವಾದ ಕಲಮು ಇತ್ತು: ಸಾಲ ಅಥವಾ ಕ್ರೆಡಿಟ್ ಕಾರ್ಡಿನ ಬಾಕಿ ಸಂದಾಯದಲ್ಲಿ ತಪ್ಪಿದ ದಾಖಲೆಯುಳ್ಳವರು, ಸಿಬಿಲ್ ಮುಂತಾದ ಸಂಸ್ಥೆಗಳಿಂದ ಪ್ರತಿಕೂಲ ವರದಿಯುಳ್ಳವರು ಅರ್ಹರಲ್ಲ. ಕಲಮು ನೋಡುವುದು ಇಂದಿನ ಬಾಕಿಯನ್ನಷ್ಟೇ ಅಲ್ಲ, ಸಂದಾಯದ ಇತಿಹಾಸವನ್ನು ಎಂದು ನ್ಯಾಯಾಲಯ ಹೇಳಿತು. ಸಾರ್ವಜನಿಕರ ಹಣವನ್ನು ಕೈಯಲ್ಲಿ ಹಿಡಿಯುವವನಿಗೆ ತನ್ನ ಹಣದ ವಿಷಯದಲ್ಲಿ ಶಿಸ್ತು ಇರಬೇಕೆಂದು ಬ್ಯಾಂಕು ಬಯಸಿದರೆ ಅದು ಅನ್ಯಾಯವಲ್ಲ. ಷರತ್ತನ್ನು ತಿಳಿದೇ ಅರ್ಜಿ ಹಾಕಿದವನು ಸೋತ ಮೇಲೆ ಷರತ್ತನ್ನೇ ಪ್ರಶ್ನಿಸುವಂತಿಲ್ಲ.

ಲೋಹಾರಾ, ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಿಗೆ ಈ ತೀರ್ಪು ದೂರದ ಚೆನ್ನೈನ ಸುದ್ದಿಯಲ್ಲ. ಇಲ್ಲಿ ಹತ್ತನೆಯ ತರಗತಿ ದಾಟಿದ ಹುಡುಗ ಹುಡುಗಿಯರ ಮುಂದಿರುವ ದಾರಿಗಳು ಕೆಲವೇ: ಪೋಲೀಸ್ ಭರತಿ, ಸೈನ್ಯ, ರೈಲ್ವೆ, ಬ್ಯಾಂಕು, ಶಿಕ್ಷಕ ವೃತ್ತಿ. ಮುಂಜಾವಿನಲ್ಲಿ ರಸ್ತೆಯ ಬದಿಗೆ ಓಡುವ ಅಭ್ಯಾಸ ಮಾಡುವ, ಲಾತೂರಿನ ಕ್ಲಾಸುಗಳಿಗೆ ಹಣ ಹೊಂದಿಸುವ ಮನೆಗಳಲ್ಲಿಯೇ ಸೊಸಾಯಿಟಿಯ ಪೀಕ್ ಕರ್ಜವೂ, ತಾಯಿಯ ಬಚತ್ ಗಟದ ಹಪ್ತೆಯೂ, ಮೊಬೈಲು ಕೊಂಡ ಕಂತೂ ಇರುತ್ತವೆ. ಸೋಯಾಬೀನಿನ ದರ ಬಿದ್ದ ವರ್ಷ ಇವುಗಳಲ್ಲಿ ಒಂದಾದರೂ ತಪ್ಪುವುದು ಸಹಜ. ತಪ್ಪಿದ ಆ ಹಪ್ತೆ ನೌಕರಿಯ ಬಾಗಿಲಲ್ಲಿ ಯಾವ ರೂಪದಲ್ಲಿ ಎದುರಾಗುತ್ತದೆ, ಎಲ್ಲಿ ಎದುರಾಗುವುದೇ ಇಲ್ಲ ಎಂಬುದರ ಬಗ್ಗೆ ಊರಿನ ಕಟ್ಟೆಯ ಮೇಲೆ ನಡೆಯುವ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಭಯ.

ಸಾಲಕ್ಕೂ ವಿಶ್ವಾಸಾರ್ಹತೆಗೂ ಇರುವ ಈ ನಂಟನ್ನು ಜಗತ್ತಿನ ಅನೇಕ ಸರಕಾರಗಳು ಲಿಖಿತ ನಿಯಮವಾಗಿಸಿವೆ. ಅಮೆರಿಕದಲ್ಲಿ ರಾಷ್ಟ್ರದ ರಹಸ್ಯ ಕಾಗದಗಳನ್ನು ನೋಡುವ ಹುದ್ದೆಗೆ ಬೇಕಾದ ಭದ್ರತಾ ಅನುಮತಿಯನ್ನು 13 ಮಾನದಂಡಗಳಿಂದ ಅಳೆಯುತ್ತಾರೆ; ಆರನೆಯದು ಹಣಕಾಸಿನ ನಡತೆ. ಅದಕ್ಕೆ ಕಾರಣವೂ ಇದೆ. ಅಲ್ಲಿಯ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ, ವಿಚ್ಛೇದನ ಮತ್ತು ಖರ್ಚಿನ ಸಾಲದಲ್ಲಿ ಸಿಲುಕಿದ್ದಾಗ, ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ಹೆಸರುಗಳನ್ನು ಮಾರಿದನು. ಅವನು ಸಿಕ್ಕಿಬಿದ್ದದ್ದು 1994ರಲ್ಲಿ; ಅಷ್ಟರೊಳಗೆ ಹಲವರು ಪ್ರಾಣ ತೆತ್ತಿದ್ದರು. ಆದರೂ ಆ ದೇಶದ ನಿಯಮ ಸಾಲಗಾರನನ್ನೆಲ್ಲ ದ್ರೋಹಿಯೆಂದು ಬಗೆಯುವುದಿಲ್ಲ. ನೌಕರಿ ಹೋದದ್ದು, ಕಾಯಿಲೆ, ಮನೆಯಲ್ಲಿ ಸಾವು ಮೊದಲಾದ ಕೈಮೀರಿದ ಕಾರಣಗಳಿಂದ ಸಾಲ ಬೆಳೆದಿದ್ದು, ಅದನ್ನು ತೀರಿಸಲು ಪ್ರಾಮಾಣಿಕ ಪ್ರಯತ್ನ ನಡೆದಿದ್ದರೆ ಅದನ್ನು ಅರ್ಜಿದಾರನ ಪರವಾಗಿ ಎಣಿಸಬೇಕೆಂದು ಅದೇ ನಿಯಮ ಹೇಳುತ್ತದೆ.

ನಮ್ಮ ದೇಶದಲ್ಲಿ ಪದ್ಧತಿ ಬೇರೆ. ಪೋಲೀಸ್, ಕೇಂದ್ರ ಮೀಸಲು ಪಡೆ, ರೈಲ್ವೆ ಅಥವಾ ಯಾವುದೇ ಸರಕಾರಿ ಹುದ್ದೆಗೆ ಆಯ್ಕೆಯಾದವರು ತುಂಬುವ ದೃಢೀಕರಣ ನಮೂನೆಯಲ್ಲಿ ಸಾಲದ ಪ್ರಶ್ನೆ ಸಾಮಾನ್ಯವಾಗಿ ಇರುವುದಿಲ್ಲ. ಎಂದಾದರೂ ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ಶಿಕ್ಷೆಯಾಗಿದೆಯೇ, ಪರೀಕ್ಷೆಗಳಿಂದ ಬಹಿಷ್ಕರಿಸಲಾಗಿದೆಯೇ, ಯಾವುದೇ ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದೆಯೇ ಎಂಬುದು ಅಲ್ಲಿಯ ವಿಚಾರಣೆ. ಅಪ್ಪ ಸೊಸಾಯಿಟಿಯ ಥಕಬಾಕಿದಾರನಾಗಿದ್ದಾನೆಂದು ಮಗನ ಚಾರಿತ್ರ್ಯ ಪಡತಾಳಣಿ ಕೆಡುವುದಿಲ್ಲ. ಮಗನೇ ಸಾಲಗಾರನಾಗಿದ್ದರೂ, ಬರೀ ಬಾಕಿಯ ಕಾರಣಕ್ಕೆ ಅದು ಅಪರಾಧವಲ್ಲ. ಸಾಲ ಕೊಡದಿರುವುದು ದಿವಾಣಿ ವಿಷಯ, ಫೌಜದಾರಿ ಅಲ್ಲ.

ಆದರೆ ಈ ದಿವಾಣಿ ವಿಷಯ ಫೌಜದಾರಿಯಾಗುವ ಒಂದು ಕಿಂಡಿ ಇದೆ, ಮತ್ತು ಬಹುತೇಕ ತರುಣರು ಬೀಳುವುದು ಅಲ್ಲಿಯೇ. ಫೈನಾನ್ಸ್ ಕಂಪನಿಯಿಂದ ಬೈಕು ಕೊಳ್ಳುವಾಗ ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಕೊಟ್ಟಿರುತ್ತಾರೆ. ಇಲ್ಲವೇ ಖಾತೆಯಿಂದ ಹಪ್ತೆ ತಾನಾಗಿಯೇ ಕಟಾವಾಗಲೆಂದು ಒಪ್ಪಿಗೆ ಬರೆದಿರುತ್ತಾರೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಪರಕ್ರಾಮ್ಯ ಪತ್ರಗಳ ಅಧಿನಿಯಮದ 138ನೆಯ ಕಲಮಿನಂತೆ ಅದು ಅಪರಾಧ: 2 ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಇಮ್ಮಡಿಯವರೆಗೆ ದಂಡ. ತಾನಾಗಿ ಕಟಾವಾಗುವ ಹಪ್ತೆ ತಪ್ಪಿದರೂ 2007ರ ಪಾವತಿ ವ್ಯವಸ್ಥೆಗಳ ಅಧಿನಿಯಮದ 25ನೆಯ ಕಲಮು ಹಾಗೆಯೇ ಅನ್ವಯಿಸುತ್ತದೆ. ಇವು ಪೋಲೀಸ್ ಠಾಣೆಗೆ ಬರುವ ಪ್ರಕರಣಗಳಲ್ಲ. ಹಣ ಬರಬೇಕಾದವನು ನೇರವಾಗಿ ನ್ಯಾಯದಂಡಾಧಿಕಾರಿಯ ಮುಂದೆ ಖಾಸಗಿ ಫಿರ್ಯಾದಿ ಹಾಕುತ್ತಾನೆ. 2015ರ ತಿದ್ದುಪಡಿಯ ನಂತರ, ಹಣ ಪಡೆಯುವವನ ಬ್ಯಾಂಕ್ ಶಾಖೆ ಇರುವ ಊರಿನಲ್ಲಿ ಅದನ್ನು ಹಾಕಬಹುದು. ಹೀಗಾಗಿ ಲೋಹಾರಾದ ಹುಡುಗನ ಮೇಲಿನ ಪ್ರಕರಣ ಪುಣೆಯಲ್ಲೋ ಮುಂಬಯಿಯಲ್ಲೋ ನಡೆಯುತ್ತಿರುತ್ತದೆ. ಠಾಣೆಯಲ್ಲಿ ತನ್ನ ಹೆಸರಿನ ಗುನ್ನೆ ಇಲ್ಲವೆಂದು ತಿಳಿದ ಹುಡುಗ ನಮೂನೆಯಲ್ಲಿ 'ಪ್ರಕರಣ ಇಲ್ಲ' ಎಂದು ಬರೆಯುತ್ತಾನೆ. ನಮೂನೆ ಕೇಳಿದ್ದು ಠಾಣೆಯ ಗುನ್ನೆಯನ್ನಷ್ಟೇ ಅಲ್ಲ, ಯಾವುದೇ ನ್ಯಾಯಾಲಯದ ಪ್ರಕರಣವನ್ನು.

ಹೀಗೆ ಮುಚ್ಚಿಟ್ಟದ್ದರ ಬೆಲೆ ಎಷ್ಟೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2016ರ ಜುಲೈನಲ್ಲಿ, ಅವತಾರ ಸಿಂಗ್ ವಿರುದ್ಧ ಭಾರತ ಸರಕಾರ ಎಂಬ ಪ್ರಕರಣದಲ್ಲಿ, ವಿವರವಾಗಿ ಹೇಳಿದೆ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಕ್ಷುಲ್ಲಕ ಪ್ರಕರಣವನ್ನು ನೌಕರಿ ಕೊಡುವ ಇಲಾಖೆ ಮನ್ನಿಸಬಹುದು. ಸತ್ಯ ಹೇಳಿದವನ ಪ್ರಕರಣವನ್ನೂ ಅದು ಪರಿಶೀಲಿಸಬಹುದು. ಆದರೆ ಬೇಕೆಂದೇ ಅನೇಕ ಪ್ರಕರಣಗಳನ್ನು ಮರೆಮಾಚಿದವನನ್ನು ತೆಗೆದುಹಾಕುವ ಅಧಿಕಾರ ಅದಕ್ಕಿದೆ. 2022ರ ಮೇ ತಿಂಗಳಿನಲ್ಲಿ, ರೈಲ್ವೆ ರಕ್ಷಣಾ ದಳದ ಒಬ್ಬ ಪೇದೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಾಹಿತಿ ಬಿಟ್ಟುಹೋಗಿದೆ ಎಂಬ ಒಂದೇ ಮಾತಿಗೆ ಇಲಾಖೆ ವಿವೇಚನೆಯಿಲ್ಲದೆ ವಜಾ ಮಾಡುವಂತಿಲ್ಲ ಎಂದೂ ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದಿಷ್ಟು: ಚೆಕ್ಕಿನ ಪ್ರಕರಣ ಇದ್ದದ್ದಕ್ಕಿಂತ ಅದನ್ನು ಬರೆಯದೆ ಬಿಟ್ಟದ್ದೇ ಅನೇಕ ವೇಳೆ ಹೆಚ್ಚು ಹಾನಿಕರ.

138ನೆಯ ಕಲಮಿನ ಪ್ರಕರಣದಲ್ಲಿ ಒಂದು ಸಮಾಧಾನವಿದೆ. ಚೆಕ್ಕು ಮರಳಿದ ಸೂಚನೆ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಹಣ ಬರಬೇಕಾದವನು ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಆಗುವುದಿಲ್ಲ. ಪ್ರಕರಣ ದಾಖಲಾದ ಮೇಲೂ ಉಭಯತರು ರಾಜಿಯಾಗಬಹುದು. ಕಾನೂನು ಅದಕ್ಕೆ ಒಪ್ಪುತ್ತದೆ. ಲೋಕ ಅದಾಲತ್ತಿನಲ್ಲಿ ಇಂಥ ಪ್ರಕರಣಗಳು ಸಾಲುಸಾಲಾಗಿ ಬಗೆಹರಿಯುತ್ತವೆ. ಆದರೆ ನೋಟೀಸು ಬರುವುದು ಹಳ್ಳಿಯ ಮನೆಗೆ, ಹುಡುಗ ಇರುವುದು ಪುಣೆಯ ಕಂಪನಿಯಲ್ಲಿ. ಮನೆಯಲ್ಲಿದ್ದ ತಾಯಿ 'ಯಾವುದೋ ಇಂಗ್ಲಿಷ್ ಕಾಗದ' ಎಂದು ಅದನ್ನು ಮಾಡದಲ್ಲಿಟ್ಟು ಮರೆಯುವುದು, ಇಲ್ಲವೇ ಅಂಚೆಯವನಿಂದ ಪಡೆಯದೆ ಮರಳಿಸುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಪಡೆಯದೆ ಮರಳಿಸಿದ ನೋಟೀಸನ್ನೂ ನ್ಯಾಯಾಲಯ ಸಾಮಾನ್ಯವಾಗಿ ತಲುಪಿದಂತೆಯೇ ಎಣಿಸುತ್ತದೆ.

ಇನ್ನು ಬ್ಯಾಂಕಿನ ನೌಕರಿ. ಇಲ್ಲಿ ಸಾಲದ ಇತಿಹಾಸವನ್ನು ನೇರವಾಗಿಯೇ ನೋಡುತ್ತಾರೆ. 1949ರ ಬ್ಯಾಂಕಿಂಗ್ ನಿಯಂತ್ರಣ ಅಧಿನಿಯಮದ 10ನೆಯ ಕಲಮು ದಿವಾಳಿಯೆಂದು ಘೋಷಿತನಾದವನನ್ನು, ಸಾಲ ಕೊಟ್ಟವರೊಡನೆ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಂಡವನನ್ನು ಬ್ಯಾಂಕು ನೌಕರಿಗೆ ಇಟ್ಟುಕೊಳ್ಳಬಾರದೆಂದು ಹೇಳುತ್ತದೆ. ಸ್ಟೇಟ್ ಬ್ಯಾಂಕಿನ ಪ್ರಕಟಣೆಯ ಕಲಮು ಅದಕ್ಕಿಂತ ಮುಂದೆ ಹೋಗಿರುವುದನ್ನು ಮೇಲೆ ನೋಡಿದ್ದಾಯಿತು. ಇತರ ಸರಕಾರಿ ಬ್ಯಾಂಕುಗಳಿಗೆ ನೌಕರರನ್ನು ಆಯ್ಕೆ ಮಾಡುವ ಐಬಿಪಿಎಸ್ ಸಂಸ್ಥೆ 2023ರ ಪ್ರಕಟಣೆಯಲ್ಲಿ, ಸೇರುವ ದಿನಕ್ಕೆ ಅಭ್ಯರ್ಥಿಯ ಸಾಲದ ಇತಿಹಾಸ ಚೊಕ್ಕಟವಾಗಿರಬೇಕು, ಇಲ್ಲದಿದ್ದರೆ ಸಾಲ ಕೊಟ್ಟವರಿಂದ ಬಾಕಿಯಿಲ್ಲವೆಂಬ ಪತ್ರ ತರಬೇಕು ಎಂಬ ಷರತ್ತು ಹಾಕಿದಾಗ ಪರೀಕ್ಷಾರ್ಥಿಗಳಲ್ಲಿ ಗದ್ದಲವೆದ್ದಿತ್ತು. ಷರತ್ತಿನ ಬಿಗಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವುದರಿಂದ, ಹಿಂದಿನ ವರ್ಷದ ಗೆಳೆಯನ ಮಾತನ್ನು ನಂಬುವುದಕ್ಕಿಂತ ಆಯಾ ಪ್ರಕಟಣೆಯನ್ನೇ ಕೊನೆಯ ಪುಟದವರೆಗೆ ಓದಬೇಕು. ಅರ್ಹತೆಯ ಕಲಮುಗಳು ವಯಸ್ಸು, ವಿದ್ಯೆಗಳ ಆಚೆ ಸಣ್ಣ ಅಕ್ಷರಗಳಲ್ಲಿ ಇರುತ್ತವೆ.

ನೌಕರಿ ಸಿಕ್ಕ ಮೇಲೆಯೂ ವಿಷಯ ಮುಗಿಯುವುದಿಲ್ಲ. ಕೇಂದ್ರ ಸರಕಾರಿ ನೌಕರರ 1964ರ ವರ್ತನಾ ನಿಯಮಗಳಲ್ಲಿ 17ನೆಯದು, ನೌಕರನು ನಿತ್ಯ ಸಾಲಗಾರನಾಗದಂತೆ, ದಿವಾಳಿಯಾಗದಂತೆ ತನ್ನ ಖಾಸಗಿ ವ್ಯವಹಾರವನ್ನು ನಡೆಸಬೇಕೆಂದು ಹೇಳುತ್ತದೆ. ಸಾಲ ವಸೂಲಿಗಾಗಿ ಅವನ ಮೇಲೆ ದಾವೆ ಬಿದ್ದರೆ ತಾನೇ ಮುಂದಾಗಿ ಸರಕಾರಕ್ಕೆ ತಿಳಿಸಬೇಕು. ಸಾಲ ದುಂದುಗಾರಿಕೆಯಿಂದ ಬಂದುದಲ್ಲ, ಮುಂಗಾಣಲಾಗದ ಕಾರಣದಿಂದ ಬಂದುದು ಎಂದು ಸಾಧಿಸುವ ಭಾರವೂ ಅವನದೇ. ಮಹಾರಾಷ್ಟ್ರದ 1979ರ ವರ್ತನಾ ನಿಯಮಗಳಲ್ಲಿಯೂ ಇದೇ ಆಶಯವಿದೆ. ಮೊದಲ ಸಂಬಳದ ಚೀಟಿ ತೋರಿಸಿದೊಡನೆ ಮೂರು ಕಡೆ ಸಾಲ ಎತ್ತುವ ಹೊಸ ಪೇದೆಗೆ, ಹೊಸ ಶಿಕ್ಷಕನಿಗೆ ಈ ನಿಯಮವನ್ನು ಯಾರೂ ಓದಿ ಹೇಳುವುದಿಲ್ಲ.

ಪಾಲಕರ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ತಂದೆಯ ಸಾಲ ಮಗನ ನೌಕರಿಗೆ ಅಡ್ಡ ಬರುವುದೇ? ಕನ್ನಡದಲ್ಲಿ 'ಋಣ' ಎಂಬ ಶಬ್ದಕ್ಕೆ ಹಣವನ್ನು ಮೀರಿದ ಅರ್ಥವಿದೆ. ತಂದೆಯ ಋಣವನ್ನು ಮಗ ತೀರಿಸಬೇಕೆಂಬ ಧರ್ಮಶಾಸ್ತ್ರದ ಮಾತು ಬಹುಕಾಲ ನ್ಯಾಯಾಲಯಗಳಲ್ಲಿಯೂ ನಡೆಯುತ್ತಿತ್ತು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ತಂದ ತಿದ್ದುಪಡಿ 2005ರ ಸಪ್ಟೆಂಬರ್ 9ರಿಂದ ಜಾರಿಗೆ ಬಂದ ಮೇಲೆ, ಅನಂತರದ ಸಾಲಗಳ ಮಟ್ಟಿಗೆ ಆ ಧಾರ್ಮಿಕ ಕರ್ತವ್ಯವೊಂದನ್ನೇ ಆಧಾರವಾಗಿಟ್ಟುಕೊಂಡು ಮಗನ ಮೇಲಾಗಲಿ ಮೊಮ್ಮಗನ ಮೇಲಾಗಲಿ ವಸೂಲಿ ನಡೆಸುವಂತಿಲ್ಲ. (ಅದೇ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದು ಎಲ್ಲರಿಗೂ ನೆನಪಿದೆ, ಈ ಭಾಗ ಮಾತ್ರ ಮರೆತಿದೆ.) ತಂದೆ ತೀರಿಕೊಂಡರೆ, ಅವನಿಂದ ಬಂದ ಆಸ್ತಿಯ ಮಿತಿಯಲ್ಲಿ ವಾರಸುದಾರರು ಹೊಣೆ, ತಮ್ಮ ಸಂಬಳದಿಂದಲ್ಲ. ಆದ್ದರಿಂದ ಸಾತ್-ಬಾರಾ ಉತಾರೆಯ ಮೇಲಿನ ತಂದೆಯ ಬೋಜಾ ಹೊಲವನ್ನು ಹಿಡಿದೀತು, ಮಗನ ಸಿಬಿಲ್ ದಾಖಲೆಯನ್ನು ಹಿಡಿಯದು.

ಹಾಗಾದರೆ ಮಗನ ಹೆಸರಿಗೆ ಬಾಕಿ ಅಂಟುವುದು ಹೇಗೆ? ಸಹಿಯಿಂದ. ಟ್ರ್ಯಾಕ್ಟರಿನ ಸಾಲಕ್ಕೆ 'ಬರೀ ಒಂದು ಸಹಿ' ಎಂದು ಹದಿನೆಂಟು ತುಂಬಿದ ಮಗನನ್ನು ಸಹಸಾಲಗಾರನನ್ನಾಗಿ ಮಾಡಿರುತ್ತಾರೆ. ಕಾಕಾನ ಸಾಲಕ್ಕೆ ಜಾಮೀನ್ದಾರನನ್ನಾಗಿ ನಿಲ್ಲಿಸಿರುತ್ತಾರೆ. 1872ರ ಕರಾರು ಅಧಿನಿಯಮದ 128ನೆಯ ಕಲಮಿನಂತೆ ಜಾಮೀನ್ದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನನ್ನು ಹಿಡಿ, ಆಮೇಲೆ ನನ್ನನ್ನು ಎಂದು ಜಾಮೀನ್ದಾರ ಹೇಳುವಂತಿಲ್ಲ. ಜಾಮೀನು ನಿಂತ ಸಾಲವೂ ಅವನ ಸಾಲದ ವರದಿಯಲ್ಲಿ ಕಾಣಿಸುತ್ತದೆ. ನೌಕರಿಯ ಪರೀಕ್ಷೆ ಬರೆಯುವ ವಯಸ್ಸಿನ ಮಕ್ಕಳಿಂದ ಇಂಥ ಸಹಿ ಮಾಡಿಸುವುದು ಮನೆಯ ಹಿರಿಯರೇ ಆಗಿರುವುದರಿಂದ, ಅದನ್ನು ತಡೆಯಬಲ್ಲವರೂ ಅವರೇ.

ಶೈಕ್ಷಣಿಕ ಸಾಲದ ಕಥೆ ಸ್ವಲ್ಪ ಬೇರೆ. ಅದರಲ್ಲಿ ಸಾಲಗಾರ ವಿದ್ಯಾರ್ಥಿಯೇ. ತಂದೆ ಅಥವಾ ತಾಯಿ ಸಹಸಾಲಗಾರ. ಓದು ಮುಗಿದು ಸಾಮಾನ್ಯವಾಗಿ 1 ವರ್ಷದ ಬಿಡುವಿನ ನಂತರ ಹಪ್ತೆ ಆರಂಭವಾಗುತ್ತದೆ, ನೌಕರಿ ಸಿಕ್ಕಿರಲಿ ಬಿಡಲಿ. ನೌಕರಿ ಇಲ್ಲದ್ದರಿಂದ ಹಪ್ತೆ ತಪ್ಪುತ್ತದೆ. ಹಪ್ತೆ ತಪ್ಪಿದ್ದರಿಂದ ಬ್ಯಾಂಕಿನ ನೌಕರಿ ತಪ್ಪುತ್ತದೆ. ಈ ವರ್ತುಲದಲ್ಲಿರುವ ಕ್ರೌರ್ಯವನ್ನು ನೀತಿ ರೂಪಿಸುವವರು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ. 2023ರಲ್ಲಿ ಕೇರಳ ಉಚ್ಚ ನ್ಯಾಯಾಲಯ, ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆಯೆಂಬ ಕಾರಣಕ್ಕೆ ಶೈಕ್ಷಣಿಕ ಸಾಲವನ್ನು ನಿರಾಕರಿಸಬಾರದೆಂದು ಹೇಳಿತು. ಅದಕ್ಕೂ ಮೊದಲು, ಪಾಲಕರ ಅಂಕ ನೋಡಿ ಮಗುವಿನ ಸಾಲ ತಿರಸ್ಕರಿಸುವುದೂ ಸರಿಯಲ್ಲವೆಂದಿತ್ತು. ಸಾಲ ಪಡೆಯುವಾಗ ತೋರಿದ ಆ ಉದಾರತೆ ನೌಕರಿ ಪಡೆಯುವಾಗ ಅದೇ ವಿದ್ಯಾರ್ಥಿಗೆ ಸಿಗುವುದೆಂಬ ಭರವಸೆಯನ್ನು ಮದ್ರಾಸಿನ ತೀರ್ಪು ಕೊಡುವುದಿಲ್ಲ. ಹಪ್ತೆ ಕಟ್ಟಲಾಗದ ಸ್ಥಿತಿ ಬಂದರೆ, ತಪ್ಪುವ ಮೊದಲೇ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಅವಧಿ ವಿಸ್ತರಣೆ ಕೇಳುವುದೊಂದೇ ಸದ್ಯದ ದಾರಿ. ಅರ್ಜಿಯ ಪೋಚ್ ಪಡೆಯುವುದನ್ನು ಮರೆಯಬಾರದು.

ಸಿಬಿಲ್ ಎಂಬುದು ಒಂದು ಕಂಪನಿಯ ಹೆಸರು. 2005ರ ಸಾಲ ಮಾಹಿತಿ ಕಂಪನಿಗಳ ಅಧಿನಿಯಮದಡಿ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ. ಉಳಿದ ಮೂರು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ಅಂಕ 300ರಿಂದ 900ರವರೆಗೆ. ಹಪ್ತೆ 90 ದಿನ ತಪ್ಪಿದರೆ ಆ ಸಾಲ ಅನುತ್ಪಾದಕವೆನಿಸುತ್ತದೆ. ಅಲ್ಪಾವಧಿಯ ಬೆಳೆಗಳ ಪೀಕ್ ಕರ್ಜಕ್ಕೆ ಮಾತ್ರ ಎರಡು ಹಂಗಾಮುಗಳ ಅವಕಾಶವಿದೆ. ಸಾವಕಾರನ ಕೈಸಾಲ ಈ ವರದಿಗಳಲ್ಲಿ ಬರುವುದಿಲ್ಲ. ಅದರ ದಾರಿಯೇ ಬೇರೆ. ಮಹಾರಾಷ್ಟ್ರದ 2014ರ ಸಾವಕಾರಿ ನಿಯಂತ್ರಣ ಅಧಿನಿಯಮದಂತೆ ಸಾವಕಾರಿಯಲ್ಲಿ ಹೋದ ಹೊಲವನ್ನು ಮರಳಿ ಪಡೆಯಲು 15 ವರ್ಷದೊಳಗಿನ ವ್ಯವಹಾರವಾದರೆ ಜಿಲ್ಲಾ ಉಪನಿಬಂಧಕರಲ್ಲಿ ಅರ್ಜಿ ಹಾಕಬಹುದು. ಅದು ಇನ್ನೊಂದು ಲೇಖನದ ವಿಷಯ.

ವರದಿಯಲ್ಲಿ ಒಂದು ಶಬ್ದದ ವ್ಯತ್ಯಾಸ ದೊಡ್ಡದು. ಸಾಲ ಪೂರ್ತಿ ತೀರಿದರೆ 'ಕ್ಲೋಸ್ಡ್' ಎಂದು ಬರೆಯುತ್ತಾರೆ. ಲಕ್ಷದ ಬಾಕಿಯನ್ನು ಅರವತ್ತು ಸಾವಿರಕ್ಕೆ ಮುಗಿಸಿಕೊಂಡರೆ 'ಸೆಟಲ್ಡ್' ಎಂದು ಬರೆಯುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಂಡು ಹಗುರಾಗಿ ಮನೆಗೆ ಬಂದವರಿಗೆ ಈ ಎರಡನೆಯ ಶಬ್ದ ವರ್ಷಗಟ್ಟಲೆ ಹಿಂಬಾಲಿಸುತ್ತದೆಂಬುದು ತಿಳಿದಿರುವುದಿಲ್ಲ. ಸಾಲ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟಿರುತ್ತಾರೆ. 3 ವರ್ಷ ಕಳೆದರೆ ಸಾಲದ ಮುದ್ದತು ಮುಗಿಯಿತು ಎಂಬ ಊರಿನ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬಾರದು: ಮುದ್ದತು ಮುಗಿದರೆ ದಾವೆ ಹಾಕುವ ಹಕ್ಕು ಹೋಗುತ್ತದೆ, ಸಾಲ ಅಳಿಯುವುದಿಲ್ಲ, ವರದಿಯಲ್ಲಿಯ ಗೆರೆಯೂ ಅಳಿಯುವುದಿಲ್ಲ. ಹೀಗಾಗಿ ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರೆಯುವ ಮಗ ಅಥವಾ ಮಗಳಿದ್ದು, ಬಾಕಿ ಅವರ ಹೆಸರಿನಲ್ಲಿಯೇ ಇದ್ದರೆ, ರಿಯಾಯಿತಿಯ ಆಸೆ ಬಿಟ್ಟು ಪೂರ್ತಿ ಕಟ್ಟಿ ಬೇಬಾಕಿ ಪತ್ರ ಪಡೆಯುವುದೇ ಅಗ್ಗ. ಬೇಬಾಕಿ ಎಂಬ ಆ ಪಾರಸಿ ಮೂಲದ ಶಬ್ದ, ಉದಗೀರ ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಕಾಲದಂತೆ, ಇಂದಿಗೂ ಗಡಿಯ ಎರಡೂ ಬದಿಯ ಕಚೇರಿಗಳಲ್ಲಿ ಅರ್ಥವಾಗುತ್ತದೆ.

ಎಷ್ಟೋ ಸಲ ವರದಿಯೇ ತಪ್ಪಾಗಿರುತ್ತದೆ. ಒಂದೇ ಹೆಸರು, ಒಂದೇ ಅಡ್ಡಹೆಸರಿನ ಇಬ್ಬರ ಸಾಲಗಳು ಕಲಸಿಹೋಗುತ್ತವೆ. ಕನ್ನಡದ ಹೆಸರನ್ನು ಮರಾಠಿಯಲ್ಲಿ ಒಂದು ರೀತಿ, ಇಂಗ್ಲಿಷಿನಲ್ಲಿ ಇನ್ನೊಂದು ರೀತಿ ಬರೆಯುವ ಗಡಿಭಾಗದಲ್ಲಿ ಇದು ಆಗಬಹುದಾದ ಪ್ರಮಾದ. ಕರ್ಜ ಮಾಫಿಯಲ್ಲಿ ಮುಗಿದ ಖಾತೆ ವರದಿಯಲ್ಲಿ ಇನ್ನೂ ತೆರೆದೇ ಇರಬಹುದು. ರಿಸರ್ವ್ ಬ್ಯಾಂಕಿನ ಆದೇಶದಂತೆ ನಾಲ್ಕೂ ಕಂಪನಿಗಳು ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ತಕರಾರು ಕೊಡಬಹುದು. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ, 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿಯ ಪರಿಹಾರ ತಕರಾರುದಾರನಿಗೆ ಸಲ್ಲಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿದ್ದಾರೆ. ಅವರಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನೇಮಕಾತಿ ಪತ್ರ ಬಂದ ಮೇಲೆ ಸೇರಲು ಸಿಗುವ ಅವಧಿ ಅನೇಕ ವೇಳೆ ಈ 30 ದಿನಗಳಿಗಿಂತ ಕಡಿಮೆ. ಪರೀಕ್ಷೆಯ ಅರ್ಜಿ ತುಂಬುವ ದಿನವೇ ವರದಿಯನ್ನು ತರಿಸಿ ನೋಡಿದವನಿಗೆ ತಕರಾರು ಹಾಕಲು, ಉತ್ತರ ಪಡೆಯಲು, ಬೇಕಾದರೆ ಬಾಕಿ ಕಟ್ಟಿ ಬೇಬಾಕಿ ಪತ್ರ ತರಲು ಹಲವು ತಿಂಗಳುಗಳು ಉಳಿದಿರುತ್ತವೆ.